ವಿಂಡೋಸ್‌ನೊಳಗಿನ ಜಿಪ್ ಸೌಲಭ್ಯ: ಹಾಸನದ ಡಿಟಿಪಿ ಅಂಗಡಿಯೊಂದರ ಹನ್ನೆರಡು ವರ್ಷಗಳ ಅನುಭವ

ಹಾಸನದಲ್ಲಿ ನಾನು ನಡೆಸುವ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಸಹಕಾರ ಸಂಘಗಳ ವಾರ್ಷಿಕ ವರದಿಯವರೆಗೆ ಎಲ್ಲವೂ ಸಿದ್ಧವಾಗಿ ಮುದ್ರಣಕ್ಕೆ ಹೋಗುತ್ತದೆ. ಕಡತಗಳನ್ನು ಕುಗ್ಗಿಸಿ ಒಂದೇ ಕಟ್ಟಾಗಿ ಕಳಿಸಲು ಹನ್ನೆರಡು ವರ್ಷಗಳಿಂದ ನಾನು ಹೆಚ್ಚಾಗಿ ಬಳಸಿರುವುದು ವಿಂಡೋಸ್‌ನಲ್ಲೇ ಇರುವ, ರೈಟ್ ಕ್ಲಿಕ್ ಮಾಡಿದರೆ ಸಿಗುವ ಜಿಪ್ ಸೌಲಭ್ಯವನ್ನೇ. ಅದಕ್ಕೆ ಹಣ ಕೊಡಬೇಕಿಲ್ಲ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಪಡೆದವರಿಗೂ ಬಿಚ್ಚುವುದು ಹೇಗೆಂದು ಫೋನಿನಲ್ಲಿ ವಿವರಿಸಬೇಕಿಲ್ಲ.

ಕನ್ನಡ ಪಠ್ಯದ ಮಟ್ಟಿಗೆ ಇದರ ಕೆಲಸ ನಿಜಕ್ಕೂ ಸೊಗಸು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಖ್ಯೆಗಳಾಗಿ ಬರೆದಿಡುವ ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ, ಗುಣಿತಚಿಹ್ನೆ ಮತ್ತು ವಿರಾಮಕ್ಕೆ (ಅರ್ಧಾಕ್ಷರದ ಚಿಹ್ನೆಗೆ) 3 ಬೈಟ್ ಬೇಕು. ಹಾಗಾಗಿ ‘ಕನ್ನಡ’ ಎಂಬ ಒಂದೇ ಪದ 15 ಬೈಟ್ ಹಿಡಿಯುತ್ತದೆ. ಆ ಮೂರರಲ್ಲಿ ಮೊದಲನೆಯ ಬೈಟ್ ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ, ಎರಡನೆಯದು ಎರಡೇ ಬಗೆ. ಹೀಗೆ ಮರಳಿ ಮರಳಿ ಬರುವುದನ್ನು ಚಿಕ್ಕ ಗುರುತಿನಲ್ಲಿ ಬರೆದಿಡುವುದೇ ಜಿಪ್‌ನ ಒಳಗಿರುವ ಡಿಫ್ಲೇಟ್ ವಿಧಾನದ ಕಸುಬಾದ್ದರಿಂದ, ನನ್ನಲ್ಲಿನ 6 ಎಂಬಿಯ ಸಾದಾ ಪಠ್ಯವೊಂದು ಹೆಚ್ಚುಕಡಿಮೆ 1 ಎಂಬಿಗೆ ಇಳಿಯಿತು.

ಚಿತ್ರಗಳ ವಿಷಯಕ್ಕೆ ಬಂದರೆ ಈ ಉತ್ಸಾಹ ಉಳಿಯುವುದಿಲ್ಲ. ಬೇಲೂರು, ಹಳೇಬೀಡಿನ ಶಿಲ್ಪಗಳ ಕಿರುಪುಸ್ತಕಕ್ಕೆಂದು ಬಂದ ಜೆಪೆಗ್ ಚಿತ್ರಗಳ ಫೋಲ್ಡರನ್ನು ಜಿಪ್ ಮಾಡಿ ಕಾದು ಕುಳಿತೆ. ಗಾತ್ರ ನೂರಕ್ಕೆ ಒಂದರಷ್ಟೂ ಇಳಿಯಲಿಲ್ಲ. ಜೆಪೆಗ್ ಆಗಲೇ ಹಿಂಡಿದ ಕಬ್ಬು, ಮತ್ತೆ ಗಾಣಕ್ಕೆ ಕೊಟ್ಟರೆ ರಸ ಎಲ್ಲಿಂದ ಬರಬೇಕು? ವರ್ಡ್‌ನ ಡಿಒಸಿಎಕ್ಸ್ ಕಡತವೂ ಒಳಗೆ ಜಿಪ್ಪೇ ಆಗಿರುವುದರಿಂದ ಅಲ್ಲಿಯೂ ಲಾಭ ಅಲ್ಪ. ಜಿಮೇಲ್‌ನ 25 ಎಂಬಿ ಮಿತಿಯೊಳಗೆ ಚಿತ್ರಗಳನ್ನು ತೂರಿಸಲು ಜಿಪ್ ಮಾಡಿಕೊಡಿ ಎಂದು ಕೇಳುವ ಗ್ರಾಹಕರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ಮಿತಿ ಬೇಗ ಕಣ್ಣಿಗೆ ಬೀಳುವಂಥದ್ದಲ್ಲ. ಜಿಪ್ ಪ್ರತಿಯೊಂದು ಕಡತವನ್ನೂ ಬೇರೆಬೇರೆಯಾಗಿ ಕುಗ್ಗಿಸುತ್ತದೆ, ಅದರಲ್ಲಿಯೂ ಹಿಂದಿನ 32 ಕೆಬಿಯಷ್ಟನ್ನು ಮಾತ್ರ ನೆನಪಿಟ್ಟುಕೊಂಡು ಹೋಲಿಕೆ ಹುಡುಕುತ್ತದೆ. ಆದ್ದರಿಂದ ಹೆಸರು ಮತ್ತು ಮೊತ್ತ ಬಿಟ್ಟರೆ ಉಳಿದೆಲ್ಲ ಒಂದೇ ಆಗಿರುವ ಸದಸ್ಯರ ಮುನ್ನೂರು ನೋಟೀಸುಗಳಲ್ಲಿ, ಮುನ್ನೂರಕ್ಕೂ ಒಂದೊಂದು ಪೂರ್ಣ ಪ್ರತಿಯ ಜಾಗ ಹೋಗುತ್ತದೆ. ಎಲ್ಲವನ್ನೂ ಒಂದೇ ಹೊರೆಯಾಗಿ ನೋಡುವ 7-ಜಿಪ್ ಎಂಬ ಬೇರೊಂದು ತಂತ್ರಾಂಶ ಇಂಥ ಕಡೆ ಬಹಳ ಮುಂದೆ. ವಿಂಡೋಸ್ 11ಕ್ಕೆ 2023ರಲ್ಲಿ ರಾರ್ ಮತ್ತು 7ಜಡ್ (7-ಜಿಪ್‌ನ ಸ್ವಂತ ಬಗೆ) ಎಂಬ, ಜಿಪ್‌ನಂಥವೇ ಆದ ಬೇರೆ ಬಗೆಯ ಕಟ್ಟುಗಳನ್ನು ಬಿಚ್ಚುವ ಶಕ್ತಿ ಬಂತು, ಮರುವರ್ಷ 7ಜಡ್ ಕಟ್ಟುವ ಅವಕಾಶವೂ ಸಿಕ್ಕಿತು. ನನ್ನ ಅಂಗಡಿಯ ಎರಡನೆಯ ಯಂತ್ರ ಇನ್ನೂ ವಿಂಡೋಸ್ 10ರಲ್ಲೇ ಇರುವುದರಿಂದ ಅದರಲ್ಲಿ ಬೇರೆ ತಂತ್ರಾಂಶವನ್ನು ಉಳಿಸಿಕೊಂಡಿದ್ದೇನೆ.

ಪಾಸ್‌ವರ್ಡ್ ಇಲ್ಲದಿರುವುದನ್ನು ಮಾತ್ರ ನಾನು ಮನ್ನಿಸಲಾರೆ. ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಇದ್ದ ಆ ಅವಕಾಶವನ್ನು ಅದರ ನಂತರ ಬಂದ ವಿಸ್ತಾದಲ್ಲಿ ತೆಗೆದುಹಾಕಿದರು. ಸದಸ್ಯರ ಸಾಲದ ವಿವರವಿರುವ ಪಟ್ಟಿಯನ್ನು ಬೀಗವಿಲ್ಲದೆ ಮಿಂಚಂಚೆಯಲ್ಲಿ ಕಳಿಸಲು ಮನಸ್ಸು ಒಪ್ಪುವುದಿಲ್ಲ. ಅಂಥವನ್ನು 7-ಜಿಪ್‌ನಲ್ಲಿಯೇ ಕಟ್ಟುತ್ತೇನೆ.

ಇಷ್ಟು ವರ್ಷಗಳಲ್ಲಿ ನಿಜವಾದ ನಷ್ಟ ಆದದ್ದು ಒಮ್ಮೆ, ಅದೂ ನನ್ನ ಅವಸರದಿಂದ. ಮಹಾಸಭೆಗೆ ಎರಡು ದಿನವಿದ್ದಾಗ ವರದಿಯ ಕಡತವನ್ನು ಜಿಪ್‌ನಿಂದ ಹೊರತೆಗೆಯದೆ ಅಲ್ಲಿಯೇ ಡಬಲ್ ಕ್ಲಿಕ್ ಮಾಡಿ ತೆರೆದು ರಾತ್ರಿ ಹನ್ನೊಂದರವರೆಗೆ ತಿದ್ದಿದೆ. ಬೆಳಿಗ್ಗೆ ಜಿಪ್ ತೆರೆದರೆ ಹಳೆಯ ತಪ್ಪುಗಳೆಲ್ಲ ಹಾಗೆಯೇ ಕುಳಿತಿದ್ದವು. ಹಾಗೆ ತೆರೆದಾಗ ನಮ್ಮ ಮುಂದೆ ಬರುವುದು ತಾತ್ಕಾಲಿಕ ಫೋಲ್ಡರಿನ ಒಂದು ಪ್ರತಿ ಅಷ್ಟೇ. ತಿದ್ದುವ ಮೊದಲು ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಒತ್ತಲೇಬೇಕು ಎಂಬುದು ಅಂದು ತಲೆಗೆ ಹೋಯಿತು.

ಕಡತಗಳ ಹೆಸರಿನ ಬಗ್ಗೆಯೂ ಒಂದು ಮಾತು. ವಿಂಡೋಸ್ 7ರಲ್ಲಿ ಕನ್ನಡದ ಹೆಸರುಳ್ಳ ಕಡತವನ್ನು ಜಿಪ್ ಮಾಡಹೊರಟರೆ, ಬಳಸಲಾಗದ ಅಕ್ಷರಗಳಿವೆ, ಹೆಸರು ಬದಲಿಸಿ ಎಂಬ ಸಂದೇಶ ಬರುತ್ತಿತ್ತು. ವಿಂಡೋಸ್ 8ರಿಂದ ಈ ತೊಡಕು ನೀಗಿ, ಈಗ ‘ಆಡಳಿತ ವರದಿ’ ಎಂದೇ ಹೆಸರಿಟ್ಟರೂ ಅಕ್ಷರ ಕೆಡುವುದಿಲ್ಲ. ಆದರೂ ನಾನು ಕಳಿಸುವ ಮುದ್ರಣಾಲಯಗಳಲ್ಲೊಂದು ಇಂದಿಗೂ ವಿಂಡೋಸ್ 7ರ ಯಂತ್ರವನ್ನೇ ನಂಬಿಕೊಂಡಿರುವುದರಿಂದ, ಅಲ್ಲಿಗೆ ಹೋಗುವ ಕಟ್ಟಿನಲ್ಲಿ ಕಡತಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡುತ್ತೇನೆ.