ಜಾಂಗೋದ ಲಾಗಿನ್ ವ್ಯವಸ್ಥೆ: 3.2ರಿಂದ 5.2ರವರೆಗೆ ಬಳಸಿದ ಮೇಲೆ

ಹಿಂದೆ ಸರ್ವರ್‌ನಲ್ಲಿ ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ, ಮುಂದೆ ಬ್ರೌಸರ್‌ನಲ್ಲಿ ಪುಟ ತೋರಿಸುವ ರಿಯಾಕ್ಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್, ಎಲ್ಲಕ್ಕೂ ಎದುರಿಗೆ ವಿನಂತಿಗಳನ್ನು ಬರಮಾಡಿಕೊಳ್ಳುವ ಪ್ರಾಕ್ಸಿ ಎಂಜಿನ್‌ಎಕ್ಸ್. ಈ ಜೋಡಣೆಯಲ್ಲಿ ಲಾಗಿನ್ ಕೆಲಸವನ್ನು ಪೂರ್ತಿ ಜಾಂಗೋದ ಆಥ್ ವಿಭಾಗಕ್ಕೇ ಬಿಟ್ಟು, 3.2, 4.2, 5.2 ಮೂರೂ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಗಳಲ್ಲಿ ಓಡಿಸಿದ ಮೇಲಿನ ಅಭಿಪ್ರಾಯ ಇದು. ಪಾಸ್‌ವರ್ಡ್ ಮತ್ತು ಸೆಷನ್ (ಲಾಗಿನ್ ಆದವರನ್ನು ನೆನಪಿಟ್ಟುಕೊಳ್ಳುವ ದಾಖಲೆ) ವಿಷಯದಲ್ಲಿ ಇದನ್ನು ಕಣ್ಣುಮುಚ್ಚಿ ನಂಬಬಹುದು. ಸರ್ವರ್‌ಗೆ ಏರಿಸುವಾಗ ಮಾತ್ರ ಹಾಗಲ್ಲ, ಅಲ್ಲಿ ಬೇಕಾದ ಅರ್ಧದಷ್ಟು ಬೀಗಗಳನ್ನು ನೀವೇ ಹಾಕಬೇಕು.

ಮೊದಲು ಮೆಚ್ಚುವ ಸಂಗತಿ. ಪಾಸ್‌ವರ್ಡ್ ಹ್ಯಾಶ್‌ಗೆ, ಅಂದರೆ ಅದನ್ನು ಹಿಂದಕ್ಕೆ ತಿರುಗಿಸಲಾಗದ ರೂಪದಲ್ಲಿ ಇಡಲು, ಪಿಬಿಕೆಡಿಎಫ್2 ಎಂಬ ವಿಧಾನ ಬಳಸುತ್ತದೆ. 4.2ರಲ್ಲಿ 6 ಲಕ್ಷ ಸುತ್ತು ಇದ್ದದ್ದು 5.2ರಲ್ಲಿ 10 ಲಕ್ಷಕ್ಕೆ ಏರಿದೆ. ಆವೃತ್ತಿ ಬದಲಿಸಿದ ಮೇಲೆ ಬಳಕೆದಾರ ಲಾಗಿನ್ ಆದ ಕೂಡಲೇ ಹಳೆಯ ಹ್ಯಾಶ್ ತಾನಾಗಿ ಹೊಸದಕ್ಕೆ ಬದಲಾಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಲಾಗಿನ್ ಆಗದವರ ಹ್ಯಾಶ್ ಹಳೆಯದಾಗಿಯೇ ಉಳಿಯುತ್ತದೆ. ಒಬ್ಬರು ಪಾಸ್‌ವರ್ಡ್ ಬದಲಿಸಿದರೆ ಅವರ ಬೇರೆ ಸಾಧನಗಳಲ್ಲಿನ ಸೆಷನ್‌ಗಳೆಲ್ಲ ರದ್ದಾಗುತ್ತವೆ. ಲಾಗಿನ್ ಆದಾಗ ಸೆಷನ್ ಕೀ ಬದಲಾಗುವುದರಿಂದ ತನಗೆ ಮೊದಲೇ ಗೊತ್ತಿರುವ ಕೀಯನ್ನು ಬೇರೆಯವರಿಗೆ ಅಂಟಿಸುವ ಸೆಷನ್ ಫಿಕ್ಸೇಶನ್ ದಾಳಿಯೂ ಸಾಗುವುದಿಲ್ಲ. ಕೈಯಾರೆ ಬರೆದ ಲಾಗಿನ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇವೇ.

ಇನ್ನೊಂದು ಹ್ಯಾಶ್ ವಿಧಾನವಾದ ಆರ್ಗಾನ್2 ಬೇಕೆಂದರೆ ಪ್ಯಾಕೇಜ್ ಹಾಕಿಕೊಂಡು ಪಾಸ್‌ವರ್ಡ್ ಹ್ಯಾಶರ್ಸ್ ಪಟ್ಟಿಯಲ್ಲಿ ಅದನ್ನು ಮೊದಲಿಗೆ ತನ್ನಿ. ಹಳೆಯ ಪಿಬಿಕೆಡಿಎಫ್2 ಸಾಲನ್ನು ಅಳಿಸಬೇಡಿ, ಅಳಿಸಿದರೆ ಹಳೆಯ ಬಳಕೆದಾರರೆಲ್ಲ ಹೊರಗುಳಿಯುತ್ತಾರೆ. ಇನ್ನೊಂದು ಎಚ್ಚರಿಕೆ ಮೆಮೊರಿಯದು. ಜಾಂಗೋದಲ್ಲಿ ಆರ್ಗಾನ್2 ಒಂದು ಹ್ಯಾಶ್‌ಗೆ 100 ಎಂಬಿ ತೆಗೆದುಕೊಳ್ಳುತ್ತದೆ. ಜಾಂಗೋವನ್ನು ಓಡಿಸುವ ಗುನಿಕಾರ್ನ್ ಸರ್ವರ್‌ನ 4 ವರ್ಕರ್‌ಗಳಲ್ಲೂ (ಒಟ್ಟಿಗೆ ಓಡುವ ಪ್ರಕ್ರಿಯೆಗಳಲ್ಲೂ) ಒಮ್ಮೆಲೇ ಲಾಗಿನ್ ನಡೆದರೆ 400 ಎಂಬಿ ಹೋಯಿತು. 512 ಎಂಬಿ ಕಂಟೇನರ್ ಅಲ್ಲೇ ಸಾಯುತ್ತದೆ, ಲಾಗ್‌ನಲ್ಲಿ ಕಾರಣವೂ ಸರಿಯಾಗಿ ಸಿಗುವುದಿಲ್ಲ. ಹ್ಯಾಶರ್ ಕ್ಲಾಸ್ ವಿಸ್ತರಿಸಿ ಮೆಮೊರಿಯನ್ನು 19 ಎಂಬಿ, ಸುತ್ತು 2, ಪ್ಯಾರಲಲಿಸಂ 1ಕ್ಕೆ ಇಳಿಸಿ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವ ಕನಿಷ್ಠ ಅಳತೆಗಳಲ್ಲಿ ಅದೂ ಒಂದು. ಅಷ್ಟು ತಲೆಬಿಸಿ ಬೇಡವಾದರೆ ಪಿಬಿಕೆಡಿಎಫ್2 ಸಾಕು.

ಯೂಸರ್ ಮಾಡೆಲ್ (ಬಳಕೆದಾರರ ಮಾಹಿತಿಯ ರೂಪರೇಖೆ) ವಿಷಯಕ್ಕೆ ಬಂದರೆ, ಡೇಟಾಬೇಸ್ ಟೇಬಲ್‌ಗಳನ್ನು ಮಾಡುವ ಮೊದಲ ಮೈಗ್ರೇಟ್ ಕಮಾಂಡ್ ಒತ್ತುವ ಮುಂಚೆಯೇ ಅಬ್‌ಸ್ಟ್ರಾಕ್ಟ್ ಯೂಸರ್‌ನಿಂದ ನಿಮ್ಮದೇ ಮಾಡೆಲ್ ಮಾಡಿ, ಆಥ್ ಯೂಸರ್ ಮಾಡೆಲ್ ಸೆಟ್ಟಿಂಗ್‌ನಲ್ಲಿ ಹೆಸರಿಸಿ. ಸಿದ್ಧ ಮಾಡೆಲ್‌ನಲ್ಲಿ ಇಮೇಲ್ ಅನನ್ಯವಲ್ಲ, ಒಂದೇ ಇಮೇಲ್‌ನಲ್ಲಿ ಇಬ್ಬರು ನೋಂದಾಯಿಸಬಹುದು. ಆಮೇಲೆ ಬದಲಿಸಲು ಹೊರಟರೆ ಫಾರಿನ್ ಕೀ (ಟೇಬಲ್‌ಗಳ ನಡುವಿನ ಕೊಂಡಿ), ಮೈಗ್ರೇಷನ್ ಇತಿಹಾಸ ಎಲ್ಲವನ್ನೂ ಕೈಯಿಂದ ತಿದ್ದಬೇಕಾಗುತ್ತದೆ.

ಕನ್ನಡದಲ್ಲಿ ಯೂಸರ್‌ನೇಮ್ ಕೊಡುವ ಆಸೆಯಿದ್ದವರು ಇದನ್ನು ಓದಲೇಬೇಕು. ಜಾಂಗೋದ ಯೂನಿಕೋಡ್ ಪರೀಕ್ಷಕ ‘ಕಮಲ’ವನ್ನು ಒಪ್ಪುತ್ತದೆ, ‘ಸವಿತಾ’ವನ್ನು ತಿರಸ್ಕರಿಸುತ್ತದೆ. ಪೈಥಾನ್‌ನ ರೆಜೆಕ್ಸ್ (ಪಠ್ಯದ ಮಾದರಿ ಹೋಲಿಸುವ ಸಾಧನ) ಗುಣಿತ ಚಿಹ್ನೆಗಳನ್ನೂ ಹಲಂತ ಚಿಹ್ನೆಯನ್ನೂ ಅಕ್ಷರವೆಂದು ಎಣಿಸದಿರುವುದೇ ಕಾರಣ. ಕನ್ನಡದ ಯೂನಿಕೋಡ್ ಸಂಕೇತಗಳಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ವ್ಯಾಪ್ತಿಯನ್ನು ಸೇರಿಸಿದ ಸ್ವಂತ ಪರೀಕ್ಷಕ ಬರೆದರೆ ಸರಿಹೋಗುತ್ತದೆ. ಯೂಸರ್‌ನೇಮನ್ನು ಜಾಂಗೋ ಎನ್‌ಎಫ್‌ಕೆಸಿ ಎಂಬ ಏಕರೂಪದ ಯೂನಿಕೋಡ್ ಬರಹಕ್ಕೆ ತರುತ್ತದೆ, ಪಾಸ್‌ವರ್ಡನ್ನು ತರುವುದಿಲ್ಲ. ಕನ್ನಡ ಪಾಸ್‌ವರ್ಡಿನ ನಡುವೆ ಒಂದು ಕೀಬೋರ್ಡ್ ಕಣ್ಣಿಗೆ ಕಾಣದ ಜೋಡಕ ಅಕ್ಷರ ಸೇರಿಸಿ, ಇನ್ನೊಂದು ಸೇರಿಸದಿದ್ದರೆ, ಒಂದೇ ಪದ ಎರಡು ಬೇರೆ ಪಾಸ್‌ವರ್ಡ್ ಆಗುತ್ತದೆ.

ರಿಯಾಕ್ಟ್ ಜೊತೆಗೆ ಜೆಡಬ್ಲ್ಯೂಟಿ ಎಂಬ ಲಾಗಿನ್ ಟೋಕನ್ ತಂದು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಡುವ ಪಾಠಗಳು ಎಲ್ಲೆಡೆ ಇವೆ. ಅಗತ್ಯವಿಲ್ಲ. ಪುಟದಲ್ಲಿ ಹೊರಗಿನವರ ಸ್ಕ್ರಿಪ್ಟ್ ಓಡಲು ಬಿಡುವ ಒಂದು ಎಕ್ಸ್‌ಎಸ್‌ಎಸ್ ತೂತು ಬಿದ್ದರೆ ಟೋಕನ್ ನೇರವಾಗಿ ಕಳ್ಳನ ಕೈಗೆ ಹೋಗುತ್ತದೆ. ರಿಯಾಕ್ಟ್, ಜಾಂಗೋ ಎರಡನ್ನೂ ಒಂದೇ ಡೊಮೇನ್‌ನಲ್ಲಿಟ್ಟು, ಎಪಿಐ ದಾರಿಯನ್ನು ಎಂಜಿನ್‌ಎಕ್ಸ್‌ನಿಂದ ಗುನಿಕಾರ್ನ್‌ಗೆ ತಿರುಗಿಸಿದರೆ ಪುಟದ ಸ್ಕ್ರಿಪ್ಟ್‌ಗೆ ಓದಲಾಗದ ಎಚ್‌ಟಿಟಿಪಿ ಓನ್ಲಿ ಕುಕಿಯೇ ಸಾಕು. ಇಲ್ಲಿ ಹೆಚ್ಚಿನವರು ಸಿಕ್ಕಿಬೀಳುವ ಜಾಗ ಎಂದರೆ ಲಾಗಿನ್ ಯಶಸ್ವಿಯಾಗಿ, ಮುಂದಿನ ಪೋಸ್ಟ್ ವಿನಂತಿಗೆ 403 (ನಿರಾಕರಣೆ) ಬರುವುದು. ಲಾಗಿನ್ ಆದಾಗ ಜಾಂಗೋ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟ್‌ನಿಂದ ಬರುವ ನಕಲಿ ವಿನಂತಿ ತಡೆಯುವ ಗುರುತು) ಬದಲಿಸುತ್ತದೆ, ಮುಂಭಾಗ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಟೋಕನನ್ನು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳದೆ ಪ್ರತಿ ವಿನಂತಿಗೂ ಕುಕಿಯಿಂದ ಹೊಸದಾಗಿ ಓದಿ. ಮೊದಲ ಭೇಟಿಯಲ್ಲಿ ಆ ಕುಕಿ ಇರುವುದೇ ಇಲ್ಲ, ಅದಕ್ಕೆ ಎನ್‌ಶೂರ್ ಸಿಎಸ್‌ಆರ್‌ಎಫ್ ಕುಕಿ ಹಚ್ಚಿದ ಒಂದು ಗೆಟ್ ವಿಳಾಸ ಬೇಕು. 4.0ರಿಂದ ಟ್ರಸ್ಟೆಡ್ ಆರಿಜಿನ್ಸ್ ಪಟ್ಟಿಯಲ್ಲಿ ಡೊಮೇನ್‌ನ ಮುಂದೆ ಎಚ್‌ಟಿಟಿಪಿಎಸ್ ಕೂಡ ಬರೆಯಬೇಕು.

ಸೆಷನ್ ಕುಕಿ ಸೆಕ್ಯೂರ್, ಸಿಎಸ್‌ಆರ್‌ಎಫ್ ಕುಕಿ ಸೆಕ್ಯೂರ್ ಎರಡೂ ಮೊದಲಿಗೆ ಆಫ್ ಇರುತ್ತವೆ, ಕುಕಿಗಳು ಎಚ್‌ಟಿಟಿಪಿಎಸ್‌ನಲ್ಲಷ್ಟೇ ಹೋಗುವಂತೆ ಆನ್ ಮಾಡಿ. ಎಚ್‌ಟಿಟಿಪಿಎಸ್‌ಗೆ ತಿರುಗಿಸುವ ಎಸ್‌ಎಸ್‌ಎಲ್ ರೀಡೈರೆಕ್ಟ್ ಆನ್ ಮಾಡಿದ ಕೂಡಲೇ ಪುಟ ಕೊನೆಯಿಲ್ಲದೆ ಸುತ್ತತೊಡಗಿದರೆ, ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಬರೆಯದಿರುವುದೇ ಸಾಮಾನ್ಯವಾಗಿ ಕಾರಣ. ಆ ಹೆಡರನ್ನು ಎಂಜಿನ್‌ಎಕ್ಸ್ ಪ್ರತಿ ಸಲ ತಾನೇ ತುಂಬುವಂತಿರಲಿ, ಇಲ್ಲದಿದ್ದರೆ ಹೊರಗಿನವರು ಅದನ್ನು ನಕಲಿ ಮಾಡಬಹುದು. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲಷ್ಟೇ ಬರಬೇಕೆನ್ನುವ ಎಚ್‌ಎಸ್‌ಟಿಎಸ್ ಅವಧಿಯನ್ನು 3600 ಸೆಕೆಂಡಿನಿಂದ ಶುರುಮಾಡಿ. ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುವುದರಿಂದ ಒಂದು ವರ್ಷ ಎಂದು ಬರೆದ ಮೇಲೆ ಹಿಂತಿರುಗುವುದು ಕಷ್ಟ. ಚೆಕ್ ಡಿಪ್ಲಾಯ್ ಕಮಾಂಡ್ ಇವುಗಳಲ್ಲಿ ಬಹುಪಾಲನ್ನು ತೋರಿಸಿಕೊಡುತ್ತದೆ.

ದೊಡ್ಡ ಕೊರತೆ ಒಂದಿದೆ. ತಪ್ಪು ಪಾಸ್‌ವರ್ಡ್‌ಗಳ ಸುರಿಮಳೆಯನ್ನು ಜಾಂಗೋ ತಡೆಯುವುದಿಲ್ಲ. ಇಷ್ಟು ಪಕ್ವವಾದ ವ್ಯವಸ್ಥೆಯಲ್ಲಿ ಇದು ಒಳಗೇ ಇರಬೇಕಿತ್ತು. ಜಾಂಗೋ ಆಕ್ಸಿಸ್ ಪ್ಯಾಕೇಜ್ ಆ ಕೆಲಸ ಮಾಡುತ್ತದೆ, ಆದರೆ ಹಾಕಿದ ಹಾಗೆಯೇ ಬಿಡಬೇಡಿ. ಅದು ಮೊದಲಿಗೆ ಐಪಿ ನೋಡಿ 3 ತಪ್ಪಿಗೆ ಬಾಗಿಲು ಮುಚ್ಚುತ್ತದೆ, ನಾವು ತೆರೆಯುವವರೆಗೂ ಮುಚ್ಚಿಯೇ ಇರುತ್ತದೆ. ಮೊಬೈಲ್ ಡೇಟಾದಲ್ಲಿ ಒಂದೇ ಐಪಿಯನ್ನು ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಪ್ರಾಕ್ಸಿ ಹಿಂದೆ ಸರಿಯಾಗಿ ಹೊಂದಿಸದಿದ್ದರೆ ಎಲ್ಲರೂ 127.0.0.1 (ಸರ್ವರ್‌ನ ಸ್ವಂತ ವಿಳಾಸ) ಆಗಿ ಕಾಣಿಸಿ, ಒಬ್ಬರ ತಪ್ಪಿಗೆ ಇಡೀ ಸೈಟ್ ಮುಚ್ಚಿಕೊಳ್ಳುತ್ತದೆ. ಯೂಸರ್‌ನೇಮ್ ಮತ್ತು ಐಪಿ ಎರಡನ್ನೂ ಜೋಡಿಸಿ ಲೆಕ್ಕ ಹಾಕುವಂತೆ ಮಾಡಿ, ತಪ್ಪಿನ ಮಿತಿ 5, ತೆರೆಯುವ ಅವಧಿ 15 ನಿಮಿಷ ಇಡಿ. ಎರಡನೇ ಹಂತದ ಒಟಿಪಿಗೂ ಹೊರಗಿನ ಪ್ಯಾಕೇಜ್ ಬೇಕು.

ಜಾಂಗೋ ತಾನಾಗಿ ಇಡುವ ಸೆಷನ್ ಅವಧಿ 2 ವಾರ, ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ 3 ದಿನ. ಕೊಂಡಿಗೆ 1 ಗಂಟೆ ಸಾಕು. ಅವಧಿ ಮುಗಿದ ಸೆಷನ್‌ಗಳು ಟೇಬಲ್‌ನಲ್ಲಿ ಹಾಗೇ ಬಿದ್ದಿರುತ್ತವೆ, ಕ್ಲಿಯರ್ ಸೆಷನ್ಸ್ ಕಮಾಂಡನ್ನು ದಿನಕ್ಕೊಮ್ಮೆ ಓಡುವಂತೆ ಕ್ರಾನ್‌ಗೆ (ನಿಗದಿತ ವೇಳೆಗೆ ಕೆಲಸ ಓಡಿಸುವ ಸಾಧನ) ಹಾಕಿ. 4.2ರಿಂದ ಮೇಲೇರುವವರು ಲಾಗೌಟ್ ಕೊಂಡಿಗಳನ್ನೆಲ್ಲ ಪೋಸ್ಟ್ ಫಾರ್ಮ್‌ಗೆ ಬದಲಿಸಿಕೊಳ್ಳಿ. 5.0ರಿಂದ ಗೆಟ್ ಮೂಲಕ ಲಾಗೌಟ್ ಆಗುವುದಿಲ್ಲ, 405 ದೋಷ ಬರುತ್ತದೆ.