ಬೇಗ ಮುಗಿಸಿದರೆ ಕೈ ಕಟ್ಟಿ ಕೂರು: ಮಗಳ ಶಾಲೆಗೆ ಎರಡೂವರೆ ಸ್ಟಾರ್

ಅಡ್ಮಿಷನ್ ಸೀಸನ್ ಶುರುವಾಗಿದೆ. ಅಂಗಡಿಗೆ ಬಂದವರು 'ನಿಮ್ಮ ಮಗಳ ಸ್ಕೂಲ್ ಹೇಗಿದೆ?' ಅಂತ ಕೇಳುತ್ತಾರೆ. ಜೆರಾಕ್ಸ್ ಮಾಡುತ್ತಾ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತೇನೆ. ಶಾಲೆಯ ಹೆಸರು ಹಾಕುವುದಿಲ್ಲ. ಹುಣಸೂರು ಅಂಥ ದೊಡ್ಡ ಊರೇನಲ್ಲ, ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ. ಖಾಸಗಿ ಶಾಲೆ, ಇಂಗ್ಲಿಷ್ ಮೀಡಿಯಂ, ಸ್ಟೇಟ್ ಸಿಲಬಸ್. ಒಂದನೇ ಕ್ಲಾಸಿಗೆ ವರ್ಷಕ್ಕೆ 38,000 ರೂಪಾಯಿ, ವ್ಯಾನಿಗೆ ಬೇರೆ. ನನ್ನ ಕಡೆಯಿಂದ ಐದಕ್ಕೆ ಎರಡೂವರೆ ಸ್ಟಾರ್.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ವ್ಯಾನ್ ಟೈಮಿಗೆ ಬರುತ್ತದೆ, ಆಯಾ ಜೊತೆಗಿರುತ್ತಾರೆ. ಟಾಯ್ಲೆಟ್ ಚೊಕ್ಕಟವಾಗಿದೆ. ಯಾರೂ ಹೊಡೆಯುವುದಿಲ್ಲ. ಪಾಠದ ಜೊತೆಜೊತೆಗೇ ಹೋಗುವ ಮಗುವಾದರೆ ಧಾರಾಳವಾಗಿ ಸೇರಿಸಿ. ಪಾಠಕ್ಕಿಂತ ಮುಂದೆ ಓಡುವ ಮಗುವಾದರೆ ಮುಂದಿನದ್ದನ್ನೂ ಓದಿ.

ನಮ್ಮದು ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿ. ಸಂಜೆ ಮಗಳೂ ಕೌಂಟರ್ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಸರಿಯಾಗಿ ಬೀಳದ ಪ್ರತಿಗಳನ್ನು ಹಿಂಬದಿಯಲ್ಲಿ ಚಿತ್ರ ಬರೆಯಲಿ ಅಂತ ಕೊಡುತ್ತಿದ್ದೆವು. ಅವಳು ಮುಂಬದಿ ಓದಲು ಶುರು ಮಾಡಿದಳು. ಪಹಣಿ, ಬಾಂಡ್ ಪೇಪರ್, ಹಾಲ್ ಟಿಕೆಟ್, ಯಾವುದಾದರೂ ಸರಿ. ಯುಕೆಜಿಯಲ್ಲಿದ್ದಾಗಲೇ 'ಅಪ್ಪಾ, ಖರಾಬು ಅಂದ್ರೆ ಏನು?' ಅಂತ ಕೇಳಿದ್ದಳು (ಪಹಣಿಯಲ್ಲಿ ಸಾಗುವಳಿಗೆ ಬಾರದ ಜಮೀನಿಗೆ ಹಾಗೆ ಬರೆದಿರುತ್ತಾರೆ). 40 ಗುಂಟೆಗೆ ಒಂದು ಎಕರೆ ಅಂತ ಗಿರಾಕಿಯೊಬ್ಬರು ಹೇಳಿದ್ದೇ ತಡ, ಲೆಕ್ಕ ಶುರುವಾಯಿತು. ಒಂದು ಎಕರೆ 30 ಗುಂಟೆಗೆ 20 ಗುಂಟೆ ಸೇರಿಸಿದರೆ ಎರಡು ಎಕರೆ 10 ಗುಂಟೆ ಅಂತ ಬಾಯಲ್ಲೇ ಹೇಳುತ್ತಾಳೆ. ನಾವು ಕೂರಿಸಿಕೊಂಡು ಕಲಿಸಿದ್ದಲ್ಲ ಇದು.

ಹಾಗಂತ ಎಲ್ಲದರಲ್ಲೂ ಮುಂದಿದ್ದಾಳೆ ಅಂದುಕೊಳ್ಳಬೇಡಿ. ಅಕ್ಷರ ಕೋಳಿ ಕೆದರಿದ ಹಾಗಿದೆ. ಶೂ ಲೇಸ್ ಕಟ್ಟಲು ಇನ್ನೂ ಬರುವುದಿಲ್ಲ. ಕೆರೆ-ದಡ ಆಟದಲ್ಲಿ ಔಟಾದರೆ ಗೋಳೋ ಅಂತ ಅಳುತ್ತಾಳೆ.

ಈ ಮಗುವಿಗೆ ಜೂನ್‌ನಿಂದ ಶಾಲೆಯಲ್ಲಿ ಸಿಕ್ಕಿದ್ದು 1ರಿಂದ 50 ಬರೆಯುವುದು, 'ಬಿಫೋರ್ ನಂಬರ್, ಆಫ್ಟರ್ ನಂಬರ್', ಕಾಪಿ ಪುಸ್ತಕದಲ್ಲಿ ಅ ಆ ಇ ಈ. ಎಲ್ಲರೂ ಮುಗಿಸುವವರೆಗೆ ಮುಂದಿನ ಪುಟ ತಿರುಗಿಸುವ ಹಾಗಿಲ್ಲ. ಬೇಗ ಮುಗಿಸಿದವರು ಕೈ ಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂರಬೇಕು. ಅವಳು ಪಕ್ಕದವಳ ಹತ್ತಿರ ಮಾತಾಡಿದಳು. ಡೈರಿಯಲ್ಲಿ ಕೆಂಪು ಶಾಯಿ ಬಂತು. ಆಮೇಲೆ ಅವಳನ್ನು 'ಲೀಡರ್' ಮಾಡಿದರು. ಬೋರ್ಡ್ ಒರೆಸುವುದು, ಉಳಿದವರ ಪುಸ್ತಕ ತಿದ್ದುವುದು, ಗಲಾಟೆ ಮಾಡಿದವರ ಹೆಸರು ಬರೆಯುವುದು ಅವಳ ಕೆಲಸ. ಹೆಸರು ಬರೆಸಿಕೊಂಡವರು ಊಟಕ್ಕೆ ಅವಳ ಪಕ್ಕ ಕೂರುತ್ತಾರಾ? ಅರ್ಧ ಟೀಚರ್ ಕೆಲಸ ಮಾಡಿಸಿಕೊಂಡ ಮೇಲೆ ಫೀಸಿನಲ್ಲಾದರೂ ಏನಾದರೂ ಬಿಡಬೇಕಿತ್ತು.

ಟೆಸ್ಟಿನ ಕಥೆ ಒಂದೇ ಹೇಳುತ್ತೇನೆ. ಗಿಡಮರಗಳು ನಮಗೆ ಏನು ಕೊಡುತ್ತವೆ ಅಂತ ಬಿಟ್ಟ ಸ್ಥಳ ತುಂಬಬೇಕಿತ್ತು. ಅವಳು 'ಶೇಡ್' ಅಂತ ಬರೆದಳು, ತಪ್ಪು ಹಾಕಿದರು. ನೋಟ್ಸ್‌ನಲ್ಲಿ ಇದ್ದದ್ದು 'ಫುಡ್'. ಹೋಗಿ ಕೇಳಿದೆ. 'ಸರ್, ಆನ್ಸರ್ ಕೀಯಲ್ಲಿ ಇಲ್ವಲ್ಲ' ಅಂದರು. ನಮ್ಮ ಅಂಗಡಿ ಮುಂದೆ ಒಂದು ಹೊಂಗೆ ಮರ ಇದೆ. ಏಪ್ರಿಲ್‌ನಲ್ಲಿ ಅರ್ಧ ತಾಲ್ಲೂಕು ಕಚೇರಿ ಅದರ ಕೆಳಗೇ ಇರುತ್ತದೆ.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಕ್ಲಾಸ್ ಮಿಸ್ ಕೊಟ್ಟ ಸಲಹೆ: 'ಮನೇಲಿ ಮುಂದಿನ ಪೋರ್ಷನ್ ಹೇಳ್ಕೊಡಬೇಡಿ ಸರ್, ಇಲ್ಲಿ ಅವಳಿಗೆ ಬೋರ್ ಆಗುತ್ತೆ.' ಮಿಸ್ ಮೇಲೆ ನನಗೆ ಅಷ್ಟೇನೂ ಕೋಪ ಇಲ್ಲ. ಒಂದು ಸೆಕ್ಷನ್‌ನಲ್ಲಿ 42 ಮಕ್ಕಳು. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅನ್ನುವುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. 42 ಜನರನ್ನು ಒಂದೇ ಪುಟದಲ್ಲಿ ಇಟ್ಟುಕೊಳ್ಳುವುದೇ ಅವರಿಗೆ ಸಾಹಸ.

ಡಬಲ್ ಪ್ರಮೋಷನ್ ಕೇಳಿ ಅಂತ ನಮ್ಮ ಸೋದರಮಾವ ಹೇಳಿದರು. ಅವರ ಕಾಲದಲ್ಲಿ ಅದೆಲ್ಲ ಇತ್ತು. ಆದರೆ ಇವಳು ಈಗಲೇ ಕ್ಲಾಸಿಗೆಲ್ಲ ಚಿಕ್ಕವಳು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮವನ್ನು 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರಲ್ಲ, ಆ ಬಾಗಿಲಲ್ಲಿ ನುಸುಳಿ ಬಂದವಳು. ಔಟಾದರೆ ಅಳುವ ಹುಡುಗಿಯನ್ನು ಇನ್ನೂ ಒಂದು ಕ್ಲಾಸ್ ಮೇಲೆ ಕೂರಿಸುವುದು ನನಗೂ ಬೇಡ. ನಾನು ಕೇಳಿದ್ದು ಇಷ್ಟೇ: ಇದೇ ಕ್ಲಾಸಿನಲ್ಲಿ ಇರಲಿ, ಮುಗಿಸಿದ ಮೇಲೆ ಮಾಡಲು ಬೇರೆ ಏನಾದರೂ ಕೊಡಿ. ಪ್ರಿನ್ಸಿಪಾಲ್ ಮೇಡಂ ಒಲಿಂಪಿಯಾಡ್ ಕೋಚಿಂಗ್ ಮತ್ತು ಅಬ್ಯಾಕಸ್‌ನ ಪಾಂಪ್ಲೆಟ್ ಕೊಟ್ಟರು. ಎರಡಕ್ಕೂ ಫೀಸ್ ಬೇರೆ.

ಈಗ ಹೋಲಿಕೆ. ನಮ್ಮಕ್ಕ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಒಂದು ಶನಿವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಅದೇ ನಲಿ-ಕಲಿ ಅನ್ನುವ ಕಲಿಕಾ ಪದ್ಧತಿ. 1995ರಲ್ಲಿ ಆ ತಾಲ್ಲೂಕಿನಲ್ಲೇ ಯುನಿಸೆಫ್ ನೆರವಿನಿಂದ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಅಲ್ಲಿ ಕಲಿಸುವುದು ಅ ಆ ಇ ಈ ಕ್ರಮದಲ್ಲಲ್ಲ. ರ, ಗ, ಸ, ದ, ಅ ಅಂತ ಶುರು. ಹತ್ತೇ ನಿಮಿಷಕ್ಕೆ 'ಅರಸ', 'ಗರಗಸ' ಓದಬಹುದು. ಗೋಡೆಯಲ್ಲಿ ಕಲಿಕಾ ಏಣಿ, ಅಂದರೆ ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ. ಯಾವ ಮಗು ಎಲ್ಲಿದೆಯೋ ಅಲ್ಲಿಂದ ಮುಂದಿನ ಕಾರ್ಡ್ ತೆಗೆದುಕೊಳ್ಳುತ್ತದೆ. ವಾರ ರಜೆ ಹಾಕಿದವನು ಬಿಟ್ಟಲ್ಲಿಂದಲೇ ಶುರು ಮಾಡುತ್ತಾನೆ. ಬೇಗ ಮುಗಿಸಿದವಳು ಕೈ ಕಟ್ಟಿ ಕೂರುವುದಿಲ್ಲ. ಮಗಳು ಊಟದ ಬೆಲ್ ಹೊಡೆಯುವವರೆಗೆ ಎದ್ದೇ ಇಲ್ಲ.

ಅಕ್ಕನನ್ನು ಹೊಗಳಿದರೆ ಬೈದಳು. 'ಸುಮ್ನಿರೋ, ಮೂರು ಕ್ಲಾಸಿಗೆ ನಾನೊಬ್ಬಳೇ. ಹರಿದುಹೋದ ಕಾರ್ಡಿಗೆ ಬದಲಿ ಬರಲ್ಲ. ಮೂರನೇದು ದಾಟಿ ನಾಲ್ಕಕ್ಕೆ ಹೋದ್ರೆ ಮತ್ತೆ ಎಲ್ಲರಿಗೂ ಒಂದೇ ಪಾಠ ಕಣೋ' ಅಂದಳು. ಸರಿಯೇ. ಆದರೂ ಬೇಗ ಕಲಿಯುವ ಮಗುವಿಗೆ ಏನು ಮಾಡಬೇಕು ಅಂತ ಯಾರೋ ಯೋಚನೆ ಮಾಡಿ ಇಟ್ಟಿದ್ದಾರಲ್ಲ, ಅದೂ ಫೀಸಿಲ್ಲದ ಶಾಲೆಯಲ್ಲಿ. ನಮ್ಮ ಶಾಲೆಯ ಬ್ರೋಷರ್‌ನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಹೆಸರು ದಪ್ಪಕ್ಷರದಲ್ಲಿದೆ. ಅದೇ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಪಠ್ಯದಾಚೆಗೆ ಪ್ರೋತ್ಸಾಹ ಕೊಡಿ, ಕ್ಲಬ್‌ಗಳನ್ನು ಮಾಡಿ ಅಂತ ಬರೆದಿದೆ. ಆ ಪುಟ ಜೆರಾಕ್ಸ್ ಮಾಡಿ ಮೇಡಂಗೆ ಕೊಟ್ಟು ಬಂದೆ. ನಮಗೆ ಗೊತ್ತಿರೋದು ಅದೇ ತಾನೇ.

ಎರಡೂವರೆಯಲ್ಲಿ ಒಂದು ಪೂರ್ತಿ ಸ್ಟಾರ್ ಕನ್ನಡ ಮಿಸ್‌ಗೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಮಕ್ಕಳ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ನಾಲ್ಕು ಹಂತಗಳಲ್ಲಿ. ಪ್ರಿಂಟ್ ಹಾಕಿಕೊಳ್ಳಲು ಅನುಮತಿಯೂ ಇದೆ. ನಾಲ್ಕೂ ಹಂತದ ಒಂದೊಂದು ಕಟ್ಟು ಮಾಡಿ ಕೊಟ್ಟೆ. ಅವರು ಕಿಟಕಿ ಹತ್ತಿರ ದಾರ ಕಟ್ಟಿ ನೇತುಹಾಕಿದರು. ಬರವಣಿಗೆ ಮುಗಿಸಿದವರು ಯಾರು ಬೇಕಾದರೂ ತೆಗೆದು ಓದಬಹುದು. ಅವರ ಪೀರಿಯಡ್ ಬಗ್ಗೆ ಒಂದು ದೂರೂ ಬಂದಿಲ್ಲ. ಅಲ್ಲೂ ಇರುವುದು ಅದೇ 42 ಮಕ್ಕಳು.

ಸರ್ಕಾರಿ ಶಾಲೆಗೇ ಸೇರಿಸಿ ಅಂತೀರೇನೋ. ಮನೆಯಲ್ಲಿ ಆ ಮಾತು ನಡೆಯುತ್ತಿದೆ. ಇಂಗ್ಲಿಷ್ ಗತಿ ಏನು ಅನ್ನುವುದು ಹೆಂಡತಿಯ ಪ್ರಶ್ನೆ. ಅವಳನ್ನು ಒಪ್ಪಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ.

ಈ ವರ್ಷ ಅಡ್ಮಿಷನ್‌ಗೆ ಓಡಾಡುತ್ತಿರುವವರು ಬಿಲ್ಡಿಂಗ್, ಸ್ಮಾರ್ಟ್ ಬೋರ್ಡ್ ನೋಡಿ, ಬೇಡ ಅನ್ನಲ್ಲ. ಜೊತೆಗೆ 'ಬೇಗ ಮುಗಿಸಿದ ಮಗು ಉಳಿದ ಹೊತ್ತು ಏನು ಮಾಡುತ್ತೆ?' ಅಂತಲೂ ಕೇಳಿ. ಆಫೀಸಿನಲ್ಲಿ ಕೇಳಬೇಡಿ, ಕ್ಲಾಸ್ ಟೀಚರನ್ನೇ ಕೇಳಿ. ಎರಡನೇ ಕ್ಲಾಸಿನ ಮೊದಲ ಕಂತು ಕಟ್ಟಲು ನಮಗೆ ಮೇ ಕೊನೆವರೆಗೆ ಟೈಮಿದೆ. ಲೀಡರ್ ಕೆಲಸ ಬಿಡಿಸಿ, ಗಣಿತಕ್ಕೂ ಕನ್ನಡ ಮಿಸ್ ಮಾಡಿದ ಹಾಗೆ ಏನಾದರೂ ಮಾಡಿ ಅಂತ ಬರೆದುಕೊಟ್ಟಿದ್ದೇನೆ. ಮೊದಲನೆಯದಕ್ಕೆ ಮೇಡಂ ಹೂಂ ಅಂದಿದ್ದಾರೆ. ಗಣಿತಕ್ಕೂ ಹೂಂ ಅಂದರೆ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.