ಚಕಾಲಾದ ಆ ಜಾಮ್ ರೂಮ್: ಪ್ರಾಕ್ಟೀಸಿಗೆ ಹೋಗಿ, ಪ್ರಮೋಷನ್ ಪ್ಯಾಕೇಜ್ ತಗೋಬೇಡಿ

ಮೊದಲೇ ಹೇಳಿಬಿಡುತ್ತೇನೆ, ಬ್ಯಾಂಡ್‌ಗಳಿಗೆ ಪ್ರಾಕ್ಟೀಸಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಈ ಜಾಮ್ ರೂಮಿನ ಹೆಸರು ಬರೆಯುವುದಿಲ್ಲ. ಓನರ್ ಕುಂದಾಪುರ ಕಡೆಯವರು, ನಮ್ಮ ಡ್ರಮ್ಮರ್‌ಗೆ ಹೆಂಡತಿ ಕಡೆಯಿಂದ ದೂರದ ಸಂಬಂಧ ಬೇರೆ, ಮತ್ತು ಕೆಳಗೆ ನಾನು ಸ್ವಲ್ಪ ಬೈದಿದ್ದೇನೆ. ಹೆಸರು ಹಾಕಿದರೆ ಮುಂದಿನ ವಾರ ನಮಗೇ ಸ್ಲಾಟ್ ಸಿಗಲಿಕ್ಕಿಲ್ಲ. ಅಂಧೇರಿ ಪೂರ್ವ, ಚಕಾಲಾ ಮೆಟ್ರೋ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆ, ಹಳೇ ಇಂಡಸ್ಟ್ರಿಯಲ್ ಎಸ್ಟೇಟ್, ಎರಡನೇ ಮಹಡಿ, ಪಕ್ಕದ ಗಾಳಾದಲ್ಲಿ (ಸಣ್ಣ ಕಾರ್ಖಾನೆಯ ಮಳಿಗೆ) ಪ್ಲಾಸ್ಟಿಕ್ ಡಬ್ಬಿ ಮಾಡುತ್ತಾರೆ. ಮುಂಬೈಯಲ್ಲಿ ಬ್ಯಾಂಡ್ ಕಟ್ಟಿಕೊಂಡು ಒದ್ದಾಡುತ್ತಿರುವ ಕನ್ನಡದವರು ಎಷ್ಟು ಜನ ಇದ್ದೇವೆ ಹೇಳಿ, ಹುಡುಕುವವರಿಗೆ ಇಷ್ಟು ಗುರುತು ಸಾಕು.

ನಾವು ಐದು ಜನ. ಎರಡು ಗಿಟಾರ್, ಡ್ರಮ್ಸ್, ಚೆಂಡೆ, ಬಾಸ್ ಗಿಟಾರ್. ಬಾಸ್ ನಾನು. ಹಾಡೆಲ್ಲ ನಮ್ಮದೇ, ಕನ್ನಡದಲ್ಲಿ, ಮಧ್ಯೆ ಎರಡು ತುಳುವಿನಲ್ಲಿ. ಚೆಂಡೆಯವನು ಯಕ್ಷಗಾನದಲ್ಲಿ ಬಾರಿಸುವ ಹುಡುಗ, ನನ್ನ ಚಿಕ್ಕಮ್ಮನ ಮಗ. ಮೊದಲು ಡೊಂಬಿವಲಿಯ ನಮ್ಮ ಮನೆಯಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದೆವು. ಊರಿನ ಗದ್ದೆಯಲ್ಲಿ ಬಾರಿಸಿದರೆ ಆಚೆ ಗುಡ್ಡಕ್ಕೆ ಕೇಳಬೇಕು ಅಂತ ಇರುವ ವಾದ್ಯ ಅದು, ಒನ್ ಬಿಎಚ್‌ಕೆಯೊಳಗೆ ಬಾರಿಸಿದರೆ ಏನಾಗುತ್ತದೆ ಅಂತ ಊಹಿಸಿ. ಎರಡನೇ ವಾರವೇ ಸೊಸೈಟಿ ಸೆಕ್ರೆಟರಿ ಬಾಗಿಲಿಗೆ ಬಂದು ನಿಂತರು. ಹಾಗಾಗಿ ಈ ರೂಮ್. ಒಂದೂವರೆ ವರ್ಷದಿಂದ ಹೋಗುತ್ತಿದ್ದೇವೆ.

ರೇಟು ವಾರದ ದಿನ ಗಂಟೆಗೆ 450 ರೂಪಾಯಿ, ಶನಿವಾರ ಭಾನುವಾರ 600. ಕನಿಷ್ಠ ಎರಡು ಗಂಟೆ. ಐದು ಜನ ಹಂಚಿಕೊಂಡರೆ ವಾರಕ್ಕೆ ತಲಾ 180, ಅದು ನನ್ನ ಪ್ರಕಾರ ನ್ಯಾಯವೇ. ಬಾಗಿಲು ಎರಡು, ಒಂದರ ಹಿಂದೆ ಒಂದು, ನಡುವೆ ಗಾಳಿ ಜಾಗ. ಗೋಡೆಗೆ ಸದ್ದು ಹೀರುವ ರಾಕ್ ವೂಲ್ ತುಂಬಿ ಪ್ಲೈ ಹೊಡೆದು ಮೇಲೆ ಕಾರ್ಪೆಟ್ ಅಂಟಿಸಿದ್ದಾರೆ. ಮೊಟ್ಟೆ ಟ್ರೇ ಅಂಟಿಸಿ ಸೌಂಡ್‌ಪ್ರೂಫ್ ಅನ್ನುವ ಜಾಗಗಳನ್ನೂ ನೋಡಿದ್ದೇನೆ, ಅದರಿಂದ ಒಳಗಿನ ಮಾರ್ದನಿ ಸ್ವಲ್ಪ ಕಮ್ಮಿ ಆಗಬಹುದೇ ಹೊರತು ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ. ಇಲ್ಲಿ ನಿಜವಾಗಿ ನಿಲ್ಲುತ್ತದೆ. ಡಬ್ಬಿ ಗಾಳಾದವರು ಇವತ್ತಿನವರೆಗೂ ಜಗಳಕ್ಕೆ ಬಂದಿಲ್ಲ.

ಸಾಮಾನಿನ ವಿಷಯ. ಬಾಸ್ ಆಂಪ್ (ಆಂಪ್ಲಿಫೈಯರ್) ಚೆನ್ನಾಗಿದೆ. ಗಿಟಾರ್ ಆಂಪ್ ಎರಡಿದೆ, ಅದರಲ್ಲಿ ಎಡಗಡೆಯದ್ದು ಇಡೀ ಹೊತ್ತು ಗುಂಯ್ ಅನ್ನುತ್ತದೆ, ಅರ್ಥಿಂಗ್ ಸರಿ ಇಲ್ಲ, ಹೇಳಿ ಹೇಳಿ ಸಾಕಾಯಿತು. ಡ್ರಮ್ ಕಿಟ್‌ನ ಕ್ರ್ಯಾಶ್ ಸಿಂಬಲ್ ಅಂಚಿನಲ್ಲಿ ಬಿರುಕು ಬಿಟ್ಟಿದೆ, ತಟ್ಟೆ ಬಡಿದ ಹಾಗೆ ಕೇಳುತ್ತದೆ. ನಿಮ್ಮ ಸಿಂಬಲ್, ನಿಮ್ಮ ಪೆಡಲ್ ತೆಗೆದುಕೊಂಡು ಹೋಗಿ. ಕೇಬಲ್ ಕೂಡ. ಅಲ್ಲಿನ ಕೇಬಲ್‌ಗಳು ಮಳೆಗಾಲದಲ್ಲಿ ಕರಕರ ಅನ್ನುತ್ತವೆ. (ಗಿಟಾರ್ ತಂತಿಯ ಪಾಡೂ ಮುಂಬೈಯಲ್ಲಿ ಅದೇ ಬಿಡಿ, ಜುಲೈಯಲ್ಲಿ ಹಾಕಿದ ಸೆಟ್ ಗಣಪತಿ ಬರುವಷ್ಟರಲ್ಲಿ ತುಕ್ಕು. ಧೋಬಿ ತಲಾವ್‌ನ ವಾದ್ಯದಂಗಡಿ ಫರ್ಟಾಡೋಸ್‌ಗೆ ಹೋದಾಗಲೆಲ್ಲ ಎರಡು ಸೆಟ್ ಜಾಸ್ತಿ ತರುತ್ತೇನೆ.) ಮೈಕ್ ಮೂರೂ ಶೂರ್ ಎಸ್‌ಎಂ58. 1966ರಲ್ಲಿ ಬಂದ ಮಾಡೆಲ್, ಮೂತಿ ಚಪ್ಪಟೆಯಾಗಿದ್ದರೂ ಕೆಲಸ ಮಾಡುತ್ತಿವೆ.

ಆದರೆ ನಾವು ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಆಂಪಿಗಾಗಿ ಅಲ್ಲ. ಸೌಂಡ್ ನೋಡಿಕೊಳ್ಳುವ ಅಣ್ಣನಿಗಾಗಿ. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಕೈಯಲ್ಲಿ ಯಾವಾಗಲೂ ಕಟಿಂಗ್ ಚಾ. ಮೊದಲ ದಿನ ನಾವು ಚೆಂಡೆಗೆ ಎಲ್ಲಿ ಮೈಕ್ ಇಡೋಣ ಅಂತ ಕೇಳಿದೆವು. "ಮೈಕಾ? ಅದಕ್ಕಾ?" ಅಂದರು ಅಷ್ಟೇ. ಆಮೇಲೆ ವಿವರಿಸಿದರು. ಸಣ್ಣ ರೂಮಿನಲ್ಲಿ ಮೈಕೇ ಇಲ್ಲದೆ ಯಾವುದು ಎಲ್ಲಕ್ಕಿಂತ ಜೋರಾಗಿ ಕೇಳುತ್ತದೋ ಅದೇ ಲೆಕ್ಕ, ಉಳಿದವರು ಅದರ ಮೇಲೆ ಏರಲು ಹೋಗಬಾರದು, ಏರಿದರೆ ಕೊನೆಗೆ ಹಾಡುವವನ ಗಂಟಲು ಹೋಗುತ್ತದೆ. ಡ್ರಮ್ಮರ್‌ನ ಕೋಲು ತೆಗೆದುಕೊಂಡು ಸಣ್ಣ ಕಡ್ಡಿಗಳನ್ನು ಕಟ್ಟಿ ಮಾಡಿದ ಕೋಲು ಕೊಟ್ಟರು. ನನ್ನನ್ನು ಮೂಲೆಯಿಂದ ಎಬ್ಬಿಸಿದರು, ಮೂಲೆಯಲ್ಲಿ ಬಾಸ್ ದಪ್ಪಗಾಗಿ ಎಲ್ಲವನ್ನೂ ಮುಳುಗಿಸುತ್ತದೆ ಅಂತ. ಹಾಡುವವನಿಗೆ ತನ್ನ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಅನ್ನು ಮೈಕಿನ ಬೆನ್ನಿಗೆ ನೇರವಾಗಿ ತಿರುಗಿಸಿಟ್ಟರು. ಎಸ್‌ಎಂ58 ಹಿಂದಿನಿಂದ ಬರುವ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ, ಹಾಗಾಗಿ ಕೂಯ್ ಅನ್ನುವ ಫೀಡ್‌ಬ್ಯಾಕ್ ನಿಂತಿತು. ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ನಾವು ಒಬ್ಬರ ಮೇಲೊಬ್ಬರು ವಾಲ್ಯೂಮ್ ಏರಿಸಿಕೊಂಡು ಜಗಳ ಆಡುತ್ತಿದ್ದೆವು, ಸುಮ್ನೆ.

ಬಿಡುವಿದ್ದರೆ ಹಳೇ ಕತೆ ಹೇಳುತ್ತಾರೆ. ಧೋಬಿ ತಲಾವ್‌ನ ಬಯಲು ರಂಗಮಂದಿರ ರಂಗ್ ಭವನದಲ್ಲಿ ಕೇಬಲ್ ಎಳೆಯುವ ಹುಡುಗನಾಗಿ ಶುರು ಮಾಡಿದ್ದಂತೆ. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನುವ ರಾಕ್ ಸಂಗೀತೋತ್ಸವ ಶುರುವಾದದ್ದು ಅಲ್ಲೇ, ಆಮೇಲೆ ಸುತ್ತ ಆಸ್ಪತ್ರೆ ಕಾಲೇಜು ಇದೆ, ನಿಶ್ಶಬ್ದ ವಲಯ ಅಂತ ಅಲ್ಲಿ ಸಂಗೀತ ನಿಂತುಹೋಯಿತು. ಬಯಲಿನಲ್ಲಿ ಕೂತು ಬ್ಯಾಂಡ್ ಕೇಳುವ ಜಾಗ ಹೋಯ್ತು, ಈಗ ಬಿಯರ್ ತಗೊಂಡವರಿಗೆ ಮಾತ್ರ ಬ್ಯಾಂಡ್ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಎಸಿ ಬಗ್ಗೆ ಒಂದು ಮಾತು. ಚೆಂಡೆ ಇರುವವರಿಗೆ, ಅಥವಾ ತಬಲಾ ಮದ್ದಳೆ ಯಾವುದೇ ಚರ್ಮದ ವಾದ್ಯ ಇರುವವರಿಗೆ ಇದು ಮುಖ್ಯ. ಹೊರಗೆ ಮಳೆಗಾಲದ ತೇವ, ಚರ್ಮ ಸಡಿಲ. ಒಳಗೆ ಬಂದು ಹಗ್ಗ ಬಿಗಿದು ಶ್ರುತಿ ಕೂಡಿಸಿದರೆ ಇಪ್ಪತ್ತು ನಿಮಿಷದಲ್ಲಿ ಎಸಿ ಗಾಳಿಗೆ ಚರ್ಮ ಒಣಗಿ ಶ್ರುತಿ ಮೇಲೇರುತ್ತದೆ, ಮತ್ತೆ ಸಡಿಲಿಸಬೇಕು. ಹಾಗಾಗಿ ನಮ್ಮ ಹುಡುಗ ಬಂದ ಕೂಡಲೇ ಚೆಂಡೆಯನ್ನು ಮೂಲೆಯಲ್ಲಿಟ್ಟು ಕಾಯುತ್ತಾನೆ. ಆ ಇಪ್ಪತ್ತು ನಿಮಿಷಕ್ಕೂ ಬಿಲ್ ಓಡುತ್ತಿರುತ್ತದೆ. ಅದು ನಮ್ಮ ಕರ್ಮ, ಸರಿ. ಆದರೆ ಹಿಂದಿನ ಬ್ಯಾಂಡಿನವರು ಇನ್ನೂ ಪೆಡಲ್ ಬಿಚ್ಚುತ್ತಿರುವಾಗಲೇ ನಮ್ಮ ಗಡಿಯಾರ ಶುರು ಮಾಡುತ್ತಾರಲ್ಲ, ಅದು ಯಾವ ನ್ಯಾಯ? ಎರಡು ಸ್ಲಾಟ್ ನಡುವೆ ಹತ್ತು ನಿಮಿಷ ಬಿಡಿ ಅಂತ ಎಷ್ಟೋ ಸಲ ಹೇಳಿದ್ದೇವೆ. "ನೋಡುವ" ಅನ್ನುತ್ತಾರೆ. ಕುಂದಾಪುರದವರ "ನೋಡುವ" ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ.

ಹೋಗುವ ದಾರಿ: ಡೊಂಬಿವಲಿಯಿಂದ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋ. ಭಾನುವಾರ ಬುಕ್ ಮಾಡಲೇಬೇಡಿ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಇದ್ದೇ ಇರುತ್ತದೆ, ಒಮ್ಮೆ ಗಿಟಾರ್ ಹೊತ್ತುಕೊಂಡು ಠಾಣೆಯಲ್ಲಿ ಮುಕ್ಕಾಲು ಗಂಟೆ ನಿಂತು ನಮ್ಮ 1,200 ರೂಪಾಯಿಯಲ್ಲಿ 450 ಅಲ್ಲೇ ಕರಗಿತು. ಮೆಟ್ರೋದ ಸ್ಕ್ಯಾನರಿನಲ್ಲಿ ಚೆಂಡೆ ಹೋದಾಗ ಸೆಕ್ಯೂರಿಟಿಯವರು ಬ್ಯಾಗ್ ಬಿಚ್ಚಿಸಿ, "ಬಜಾಕೆ ದಿಖಾವೋ" ಅಂದರು. ತಮ್ಮ ಬಾರಿಸಿಯೇಬಿಟ್ಟ. ಇಡೀ ಸ್ಟೇಷನ್ ತಿರುಗಿತು. ಇವತ್ತಿನವರೆಗೆ ನಮಗೆ ಸಿಕ್ಕಿದ ಅತಿ ದೊಡ್ಡ ಪ್ರೇಕ್ಷಕ ವರ್ಗ ಪ್ರಾಯಶಃ ಅದೇ.

ಈಗ ಬೈಗುಳದ ಭಾಗ. ಓನರ್ ಕಳೆದ ವರ್ಷ ಒಂದು "ಪ್ರಮೋಷನ್ ಪ್ಯಾಕೇಜ್" ಶುರು ಮಾಡಿದರು. 15,000 ರೂಪಾಯಿ. ರೂಮಿನಲ್ಲೇ ಒಂದು ಹಾಡಿನ ಲೈವ್ ವಿಡಿಯೋ, ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ರಿಲೀಸ್, ಮೇಲೆ 10,000 ಪ್ಲೇ ಗ್ಯಾರಂಟಿ. ಈ ಗ್ಯಾರಂಟಿ ಪದ ಕೇಳಿದಾಗಲೇ ನಾವು ಎದ್ದು ಬರಬೇಕಿತ್ತು. ವಿಡಿಯೋ ಪರವಾಗಿಲ್ಲ, ರೆಕಾರ್ಡಿಂಗ್ ಅಣ್ಣನೇ ಮಾಡಿದ್ದರಿಂದ ತುಂಬಾ ಚೆನ್ನಾಗಿಯೇ ಬಂತು. ಪ್ಲೇಗಳೂ ಬಂದವು. ನಾಲ್ಕೇ ದಿನದಲ್ಲಿ ಎಂಟು ಸಾವಿರ. ಎಲ್ಲಿಂದ ಅಂತ ನೋಡಿದರೆ ನಮ್ಮ ಹೆಸರೇ ಕೇಳಿರದ, ಕನ್ನಡದ ಗಂಧ ಗಾಳಿ ಇಲ್ಲದ ದೇಶಗಳ ಊರುಗಳು. ಒಬ್ಬನೂ ಫಾಲೋ ಮಾಡಿಲ್ಲ, ಒಬ್ಬನೂ ಎರಡನೇ ಹಾಡು ಕೇಳಿಲ್ಲ. ಐದನೇ ದಿನ ಸೊನ್ನೆ. ಮೂರನೇ ವಾರ ಹಾಡು ಅಪ್‌ಲೋಡ್ ಮಾಡಿದ್ದ ಡಿಸ್ಟ್ರಿಬ್ಯೂಟರ್ ಕಂಪನಿಯಿಂದ ಮೇಲ್: ನಕಲಿ ಪ್ಲೇ ಕಂಡುಬಂದಿದೆ, ಹಾಡು ತೆಗೆದಿದ್ದೇವೆ.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಹೊಸಬರು ತಿಳಿದುಕೊಳ್ಳಿ. ಸ್ಟ್ರೀಮಿಂಗ್ ಆ್ಯಪ್ ಸ್ಪಾಟಿಫೈ 2024ರಿಂದ ಎರಡು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಪ್ಲೇ ಆಗದ ಹಾಡಿಗೆ ದುಡ್ಡೇ ಇಲ್ಲ. ಇದನ್ನು ಕೇಳಿ ಹೆದರಿಯೇ ಸಣ್ಣ ಬ್ಯಾಂಡ್‌ಗಳು ಪ್ಲೇ ಕೊಳ್ಳಲು ಓಡುತ್ತವೆ. ಎರಡನೆಯದು, ನಕಲಿ ಪ್ಲೇ ಜಾಸ್ತಿ ಸಿಕ್ಕರೆ ಡಿಸ್ಟ್ರಿಬ್ಯೂಟರ್‌ಗೆ ಹಾಡಿನ ಲೆಕ್ಕದಲ್ಲಿ ದಂಡ. ಅವರು ಆ ದಂಡವನ್ನು ನಮ್ಮ ತಲೆಗೆ ಕಟ್ಟಬಹುದು, ಇಲ್ಲವೇ ಹಾಡನ್ನೇ ಕಿತ್ತುಹಾಕಬಹುದು. ಓನರ್‌ನ ಕೇಳಿದರೆ "ಆ ಕೆಲಸ ಹೊರಗಿನವರಿಗೆ ಕೊಟ್ಟಿದ್ದು ಮಾರಾಯ, ನಂಗೂ ಗೊತ್ತಿರಲಿಲ್ಲ" ಅಂದರು. ನಂಬುತ್ತೇನೆ, ಮನುಷ್ಯ ಮೋಸಗಾರ ಅಲ್ಲ. ಅರ್ಧ ದುಡ್ಡು ವಾಪಸ್ ಕೊಟ್ಟರು, ನಾಲ್ಕು ಸ್ಲಾಟ್ ಫ್ರೀ ಬಿಟ್ಟರು. ಆದರೆ ಪ್ಯಾಕೇಜಿನ ಬೋರ್ಡ್ ಮಾತ್ರ ಬಾಗಿಲ ಪಕ್ಕ ಇನ್ನೂ ನೇತಾಡುತ್ತಿದೆ. ಒಂದು ನಕ್ಷತ್ರ ಅದಕ್ಕೇ ಕಳೆದಿದ್ದೇನೆ.

ಹಾಗಾದರೆ ಜನ ಎಲ್ಲಿಂದ ಬಂದರು ಅಂದರೆ, ಉಡುಪಿ ಹೋಟೆಲಿನಿಂದ. ನಿಜವಾಗಿ. ನಮ್ಮ ಏರಿಯಾದ ಹೋಟೆಲಿನ ಮಾಮ ಗಲ್ಲಾಪೆಟ್ಟಿಗೆ ಪಕ್ಕ ಪೋಸ್ಟರ್ ಅಂಟಿಸಲು ಬಿಟ್ಟರು. ಮೊದಲ ಪೋಸ್ಟರ್ ಪೂರ್ತಿ ಕನ್ನಡ ಅಕ್ಷರದಲ್ಲಿ ಮಾಡಿಸಿದ್ದೆವು, ಹೆಮ್ಮೆಯಿಂದ. ಹದಿನೈದು ದಿನ ನೇತಾಡಿತು, ಒಂದು ಫೋನ್ ಬರಲಿಲ್ಲ. ಆಮೇಲೆ ಮಾಮನೇ ಹೇಳಿದರು, ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡ, ತುಳು ಮಾತಾಡುತ್ತಾರೆ, ಓದಲು ಬರುವುದಿಲ್ಲ, ಅವರು ಕಲಿತದ್ದು ದೇವನಾಗರಿ. ಎರಡನೇ ಪೋಸ್ಟರಿನಲ್ಲಿ ಎರಡೂ ಅಕ್ಷರ ಹಾಕಿದೆವು. ಆ ಸಲದ ಶೋಗೆ, ಒಂದು ಸಣ್ಣ ಕೆಫೆಯಲ್ಲಿ, 150 ರೂಪಾಯಿ ಟಿಕೆಟ್ ಕೊಟ್ಟು 41 ಜನ ಬಂದರು. ಅದಕ್ಕೂ ಮೊದಲಿನದಕ್ಕೆ 11, ಅದರಲ್ಲಿ ನಾಲ್ಕು ನಮ್ಮ ಮನೆಯವರೇ.

ಸಂಘದ ಕಾರ್ಯಕ್ರಮವೂ ಸಿಕ್ಕಿತು, ನವೆಂಬರಿನಲ್ಲಿ, ಶಾಲೆಯ ಬಯಲಿನಲ್ಲಿ. ನಮ್ಮದು ಕೊನೆಯ ಐಟಂ, 45 ನಿಮಿಷ ಅಂತ ಮಾತು. ಸನ್ಮಾನ ಶುರುವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಬ್ಬರಾದ ಮೇಲೆ ಒಬ್ಬರು. ಬಯಲಲ್ಲಿ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು, 2000ದ ಶಬ್ದ ಮಾಲಿನ್ಯ ನಿಯಮ. ನಾವು ವೇದಿಕೆ ಹತ್ತಿದ್ದು 9:42ಕ್ಕೆ. ಸೌಂಡ್‌ಚೆಕ್ ಮಾಡಲು ಹೊತ್ತೆಲ್ಲಿ. ಜಾಮ್ ರೂಮಿನ ಅಣ್ಣ ಕಲಿಸಿದ್ದು ಅಲ್ಲೇ ಕೈ ಹಿಡಿಯಿತು: ಚೆಂಡೆಗೆ ಮೈಕ್ ಬೇಡ ಅಂದೆವು, ಮಾನಿಟರ್ ಮೈಕಿನ ಹಿಂದೆ ತಿರುಗಿಸಿದೆವು, ನೇರ ಶುರು. ಮೂರು ಹಾಡು. ಎರಡನೆಯದಕ್ಕೆ ಹಿಂದಿನ ಸಾಲಿನ ಅಜ್ಜಂದಿರು ತೊಡೆ ತಟ್ಟುತ್ತಿದ್ದರು.

ಒಟ್ಟು ನಾಲ್ಕು ನಕ್ಷತ್ರ. ಪ್ರಾಕ್ಟೀಸ್‌ಗೆ, ಡೆಮೊ ರೆಕಾರ್ಡಿಂಗ್‌ಗೆ ಕಣ್ಣು ಮುಚ್ಚಿ ಹೋಗಿ. ಬುಕ್ ಮಾಡುವಾಗ ಅಣ್ಣ ಇರುವ ದಿನ ಯಾವುದು ಅಂತ ಕೇಳಿಕೊಳ್ಳಿ, ಸೋಮವಾರ ಮತ್ತು ಬುಧವಾರ ಬೇರೆ ಹುಡುಗ ಇರುತ್ತಾನೆ, ಅವನು ಫೋನಿನಿಂದ ತಲೆ ಎತ್ತುವುದಿಲ್ಲ. ಸಾಮಾನಿನ ಲಿಫ್ಟ್ ಏಳು ಗಂಟೆಗೆ ಬಂದ್, ತಡವಾದರೆ ಮೆಟ್ಟಿಲೇ ಗತಿ. ಗುರುವಾರ ಸಂಜೆ 7ರಿಂದ 9 ಮಾತ್ರ ಬಿಟ್ಟುಬಿಡಿ, ಅದು ನಮ್ಮದು.